ಮೂರು ಸಲ ಉಪ್ಪು ಬಿದ್ದ ರೊಟ್ಟಿ

ಸೋಮವಾರ, ಮಾರ್ಚ್ ೯
ಬೇಕರಿಯ ಹಿಂದಿನ ಕೋಣೆಯಿಂದ

ಪ್ರೀತಿಯ ಮಗಳು ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ನಿನ್ನ ಅಮ್ಮ ಗಟ್ಟಿಮುಟ್ಟಾಗಿದ್ದಾಳೆ, ಬೆಳಿಗ್ಗೆಯಿಂದ ನನ್ನನ್ನು ಎರಡು ಸಲ ಬೈದಿದ್ದಾಳೆ. ಎಂಟು ವರ್ಷಗಳಿಂದ ನಿನ್ನ ಕಾಗದಗಳಿಗೆಲ್ಲ ಅವಳೇ ಉತ್ತರ ಬರೆದಳು, ನಾನು ಅಂಚೆಚೀಟಿ ಅಂಟಿಸಿದೆ. ನಾನು ಮಾಡಿದ್ದು ಅಷ್ಟೇ. ನೀನು ನಮ್ಮ ಚರ್ಚಿನ ಸಭೆಯ ಹೊರಗಿನ ಹುಡುಗನನ್ನು ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಗುತ್ತೇನೆ ಎಂದಾಗ, ನನಗೆ ದೇವರ ಭಯ ಇದೆ, ನಾನು ಬರುವುದಿಲ್ಲ ಎಂದು ಹೇಳಿ ಬಾಗಿಲು ಹಾಕಿಕೊಂಡವನು ನಾನು. ತಡವಾಯಿತು, ಕ್ಷಮಿಸು ಎಂದು ಬರೆಯಲು ಹೋದರೆ ಎಂಟು ವರ್ಷಕ್ಕೆ ಆ ಮಾತು ಸಾಲುವುದಿಲ್ಲ. ಆದರೂ ಕ್ಷಮಿಸು. ನಿನ್ನ ಹತ್ತಿರ ಹೇಳಬೇಕಾದದ್ದು ಬೇರೆಯೇ ಇದೆ, ಆದರೆ ಮೊದಲು ರೊಟ್ಟಿಯ ಕಥೆ ಹೇಳದಿದ್ದರೆ ನನಗೆ ಅದಕ್ಕೆ ಬಾಯಿ ಬರುವುದಿಲ್ಲ.

ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ಎಲ್ಲರಿಗೂ ಮುರಿದು ಹಂಚುವ ಕರ್ತನ ಭೋಜನಕ್ಕೆ ಇಪ್ಪತ್ತೆರಡು ವರ್ಷಗಳಿಂದ ರೊಟ್ಟಿ ಹೋಗುವುದು ನಮ್ಮ ಬೇಕರಿಯಿಂದಲೇ. ನನ್ನ ಕಾನೂನುಗಳು ನಿನಗೆ ನೆನಪಿರಬೇಕು. ಆ ಹಿಟ್ಟು ನಾದುವಾಗ ಯಾರೂ ಮಾತಾಡಕೂಡದು. ಆ ಹಿಟ್ಟನ್ನು ಯಾರೂ ರುಚಿ ನೋಡಕೂಡದು. ಬೇರೆ ದಿನ ಒಂದು ಚೂರು ಹಿಟ್ಟು ಚಿವುಟಿ ನಾಲಿಗೆಗೆ ಹಚ್ಚಿಕೊಳ್ಳದೆ ಒಲೆಗೆ ಬಿಡುವವನಲ್ಲ ನಾನು. ಕರ್ತನ ಮೇಜಿನ ರೊಟ್ಟಿಗೆ ಮಾತ್ರ ನಾಲಿಗೆ ತಾಗಬಾರದು. ನೀನು ಎಂಟು ವರ್ಷದವಳಿದ್ದಾಗ ಅಲ್ಲಿ ಒಂದು ಸಲ ಸೀನಿದ್ದಕ್ಕೆ ನಿನ್ನನ್ನು ಅಂಗಳಕ್ಕೆ ಕಳಿಸಿದ್ದೆ. ದೇವಭಯ ಎಂದರೆ ಇದೇ ಎಂದು ನಾನು ನಂಬಿದ್ದೆ.

ಫೆಬ್ರುವರಿಯ ಕೊನೆಯ ಶನಿವಾರ ಮಧ್ಯಾಹ್ನ ಹಿಟ್ಟಿಗೆ ಉಪ್ಪು ಹಾಕಿ ಕಣ್ಣು ಮುಚ್ಚಿ ಪ್ರಾರ್ಥನೆಗೆ ನಿಂತೆ. ಅವತ್ತು ಮೈದಾ ಸರಬರಾಜಿನವನ ಮೇಲೆ ಕೂಗಾಡಿದ್ದರಿಂದ ಪ್ರಾರ್ಥನೆ ಸ್ವಲ್ಪ ಉದ್ದವಾಯಿತು. ಕಣ್ಣು ತೆರೆದಾಗ ಉಪ್ಪು ಹಾಕಿದ್ದೆನೋ ಇಲ್ಲವೋ ನೆನಪಿಲ್ಲ. ರುಚಿ ನೋಡುವಂತಿಲ್ಲ. ದೇವರ ಕೆಲಸದಲ್ಲಿ ಕಡಿಮೆ ಆಗಬಾರದೆಂದು ಇನ್ನೊಂದು ಸಲ ಹಾಕಿ, ಒಲೆಯ ಕಾವು ನೋಡಲು ಹೋದೆ. ಆಗ ನಿನ್ನ ಅಮ್ಮ ಆ ಕಡೆ ಬಂದಳಂತೆ. ಉಪ್ಪಿನ ಡಬ್ಬಿಯ ಮುಚ್ಚಳ ಹಾಕಿದ್ದು ಕಂಡು, ಈ ಮನುಷ್ಯ ಮರೆತಿದ್ದಾನೆ ಎಂದುಕೊಂಡಳು. ಕೇಳುವಂತಿಲ್ಲ. ಅವಳೂ ಹಾಕಿದಳು. ಅವಳ ಕೈಯಳತೆ ನಿನಗೆ ಗೊತ್ತೇ ಇದೆ.

ರೊಟ್ಟಿ ಉಬ್ಬಲಿಲ್ಲ. ಕುಗ್ಗಿ ಗಟ್ಟಿಯಾಗಿ ಒಲೆಯಿಂದ ಹೊರಗೆ ಬಂತು. ಉಪ್ಪು ಹೆಚ್ಚಾದರೆ ಹಿಟ್ಟು ಹುದುಗುವುದಿಲ್ಲ ಎಂದು ಮೂವತ್ತು ವರ್ಷ ಬೇಕರಿ ನಡೆಸಿದವನಿಗೆ ಹೊಳೆಯಬೇಕಿತ್ತು. ನಾನು ಮಾತ್ರ, ಈ ಸಲ ರೊಟ್ಟಿಗೂ ದೈನ್ಯ ಬಂದಿದೆ ಎಂದು ಸಂತೋಷಪಟ್ಟೆ.

ಭಾನುವಾರ ಸಭಾಪಾಲಕರ ಪ್ರಸಂಗ ದೇವಭಯದ ಮೇಲೆಯೇ. ಸಭೆಗೆ ತಡವಾಗಿ ಬರುತ್ತೀರಿ, ಹಾಡಿನ ಮಧ್ಯೆ ಪಿಸುಗುಡುತ್ತೀರಿ, ಪ್ರಾರ್ಥನೆಯಲ್ಲಿ ಗಡಿಯಾರ ನೋಡುತ್ತೀರಿ ಎಂದು ಮುಕ್ಕಾಲು ಗಂಟೆ ನಮ್ಮನ್ನು ತೊಳೆದರು. ಯಾರಿಗೂ ಏನೂ ನಾಟಿದಂತೆ ಕಾಣಲಿಲ್ಲ. ಆಮೇಲೆ ರೊಟ್ಟಿ ಮುರಿದು ಹಂಚಿದರು.

ಮೊದಲು ಬಾಯಿಗಿಟ್ಟವರು ಸಭೆಯ ಹಿರಿಯರು. ಅವರ ಕತ್ತಿನ ನರ ಎದ್ದುನಿಂತಿತು, ಕಣ್ಣು ತುಂಬಿತು. ಪಕ್ಕದಲ್ಲಿ ಅವರ ಹೆಂಡತಿ ಎದೆಯ ಮೇಲೆ ಕೈಯಿಟ್ಟುಕೊಂಡರು. ಗಂಡನನ್ನು ಮಣ್ಣುಮಾಡುವಾಗಲೂ ಕಣ್ಣು ಒದ್ದೆ ಮಾಡಿಕೊಳ್ಳದ ನಿನ್ನ ಹಳೆಯ ಹೆಡ್‌ಮಿಸ್ಟ್ರೆಸ್ ಕರವಸ್ತ್ರ ಹುಡುಕಿದರು. ಸಾಲು ಸಾಲೇ ತಲೆ ತಗ್ಗಿಸಿತು. ಒಬ್ಬರೂ ಉಗಿಯಲಿಲ್ಲ, ಒಬ್ಬರೂ ಕೆಮ್ಮಲಿಲ್ಲ. ದ್ರಾಕ್ಷಾರಸದ ಪುಟ್ಟ ಲೋಟಗಳು ಬಂದಾಗ ಜನ ಅದನ್ನು ಹಿಡಿದ ರೀತಿ ನೋಡಬೇಕಿತ್ತು. ಅದಕ್ಕೂ ಮೊದಲು ಆ ರೊಟ್ಟಿ ನನ್ನ ಬಾಯಿಗೂ ಬಂದಿತ್ತು. ಉಪ್ಪು ಹೆಚ್ಚಾಗಿದೆ ಎಂದು ನನಗೆ, ಒಬ್ಬ ಬೇಕರಿಯವನಿಗೆ, ಹೊಳೆಯಲೇ ಇಲ್ಲ ಎಂದರೆ ನಂಬುತ್ತೀಯಾ? ಇದು ನನ್ನ ಬಾಯಿಗೆ ಮಾತ್ರ ಹೀಗಾಗಿದೆ, ದೇವರು ನನ್ನನ್ನು ಹಿಡಿದುಬಿಟ್ಟ ಎಂದುಕೊಂಡೆ.

ತಮಾಷೆ ಏನೆಂದರೆ ಪ್ರತಿಯೊಬ್ಬರೂ ಹಾಗೆಯೇ ಅಂದುಕೊಂಡಿದ್ದರು.

ಮರುದಿನ ಸೋಮವಾರ ಬೆಳಿಗ್ಗೆ ಹಿರಿಯರು ಏಳು ವರ್ಷಗಳ ಹಿಂದೆ ದರ್ಜಿಯಿಂದ ಕಡ ತಂದ ಏಣಿಯನ್ನು ವಾಪಸ್ ಕೊಡಲು ಹೆಗಲ ಮೇಲೆ ಹೊತ್ತು ನಮ್ಮ ಅಂಗಡಿಯ ಮುಂದೆಯೇ ಹೋದರು. ಹೆಡ್‌ಮಿಸ್ಟ್ರೆಸ್ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದ ತಂಗಿಯ ಮನೆಗೆ ಬಸ್ ಹತ್ತಿದರು. ಊರಿನಲ್ಲಿ ಭಕ್ತಿಯ ಉಜ್ಜೀವನವೇ ಬಂದಿದೆ ಎಂದು ನಾನು ನಿನ್ನ ಅಮ್ಮನ ಮುಂದೆ ಉಬ್ಬಿ ಹೇಳುತ್ತಿರುವಾಗ ಅವಳು ಚಹಾ ಬಸಿಯುತ್ತಾ ಮೆಲ್ಲಗೆ, "ಅಂದ ಹಾಗೆ, ಶನಿವಾರ ನೀವು ಉಪ್ಪು ಹಾಕಿದ್ರಾ?" ಎಂದಳು.

ಇಬ್ಬರೂ ಕೂತು ಯಾರು ಎಷ್ಟು ಹಾಕಿದೆವೆಂದು ಕೂಡಿಸಿ ನೋಡಿದೆವು. ನಿನ್ನ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನನಗೆ ಬೆವರಿತು. ಈ ಮಾತು ಮನೆಯಿಂದ ಹೊರಗೆ ಹೋಗಕೂಡದು, ಹಿರಿಯರ ಹೆಂಡತಿಗೆ ಗೊತ್ತಾದರೆ ಬೀದಿಯಲ್ಲಿ ತಲೆ ಎತ್ತುವ ಹಾಗಿಲ್ಲ ಎಂದೆ. ಅವಳ ನಗು ನಿಂತಿತು.

"ಮೂವತ್ತೈದು ವರ್ಷ ನೀವು ದೇವರಿಗೆ ಹೆದರೋರು ಅಂದ್ಕೊಂಡು ಬಾಳಿದೆ," ಎಂದಳು. "ನೀವು ಹೆದರೋದು ಆ ಹೆಂಗಸಿಗೆ."

ಎರಡು ದಿನ ಅಂಗಡಿಯಲ್ಲೇ ಕೆಲಸ ಹುಡುಕಿಕೊಂಡು ಅವಳಿಂದ ತಪ್ಪಿಸಿಕೊಂಡು ತಿರುಗಿದೆ.

ಬುಧವಾರ ಸಭಾಪಾಲಕರ ಮನೆಗೆ ಹೋದೆ. ಅವರ ಮೇಜು ಎಂದಿಲ್ಲದಷ್ಟು ಖಾಲಿಯಾಗಿತ್ತು. ಎಲ್ಲ ಒದರಿಬಿಟ್ಟೆ. ಅವರು, ಮೊನ್ನೆಯೇ ಹೇಳಬಾರದಿತ್ತೇ ಎಂದರು. ಹದಿನಾಲ್ಕು ವರ್ಷಗಳಿಂದ ಅವೇ ಪ್ರಸಂಗಗಳನ್ನು ತಾರೀಖು ತಿದ್ದಿ ತಿದ್ದಿ ಓದುತ್ತಿದ್ದರಂತೆ. ರೊಟ್ಟಿ ಬಾಯಿಗಿಟ್ಟ ಕೂಡಲೇ ಅವರಿಗೆ ನೆನಪಾದದ್ದು ಅದೇ. ಕಟ್ಟುಗಟ್ಟಲೆ ಕಾಗದ ಚೀಲಕ್ಕೆ ತುಂಬಿ ಬೀದಿಗಿಟ್ಟಿದ್ದರು, ಮಂಗಳವಾರ ಕಸದ ಗಾಡಿಯವರು ಒಯ್ದಾಗಿತ್ತು.

ಹೇಳದೆ ಇದ್ದುಬಿಟ್ಟರೆ ಹೇಗೆ, ಜನಕ್ಕೆ ಒಳ್ಳೆಯದೇ ಆಗಿದೆಯಲ್ಲ ಎಂದು ನಾನು ರಾಗ ಎಳೆದೆ. ಅವರಿಗೂ ಆಸೆಯಾಯಿತು, ಮುಖ ನೋಡಿದರೆ ತಿಳಿಯುತ್ತಿತ್ತು. ಕೊನೆಗೆ ಅವರು ತಲೆಯಾಡಿಸಿ, "ಬೇಡ, ಹೇಳಿಬಿಡಿ. ನಮ್ಮ ಕೈತಪ್ಪಿಗೆ ದೇವರ ಹೆಸರು ಹಾಕಿ ಜನರನ್ನ ಹೆದರಿಸಿದ್ರೆ, ಅದು ದೇವರ ಭಯ ಆಗಲ್ಲ," ಎಂದರು. ಆಮೇಲೆ ಈ ಭಾನುವಾರಕ್ಕೆ ತಮ್ಮ ಹತ್ತಿರ ಒಂದು ಸಾಲೂ ಇಲ್ಲವೆಂದೂ, ನಾನು ಆದಷ್ಟು ನಿಧಾನವಾಗಿ ಹೇಳಬೇಕೆಂದೂ ಕೇಳಿಕೊಂಡರು.

ನಿನ್ನೆ ಸಭೆಯಲ್ಲಿ ಎದ್ದುನಿಂತೆ. ಮುಂದಿನ ಬೆಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಹಿರಿಯರ ಹೆಂಡತಿ ತಿರುಗಿ ನೋಡಿದರು. ಮೂರು ಸಲದ ಉಪ್ಪಿನ ಕಥೆ ಪೂರ್ತಿ ಹೇಳಿದೆ, ಎರಡು ಸಲ ನಾನೇ ಹಾಕಿದ್ದು ಎಂಬುದನ್ನೂ ಬಿಡಲಿಲ್ಲ. ಹಿರಿಯರು ಎದ್ದು, ಹಾಗಾದರೆ ಆ ಏಣಿಯ ವಿಷಯ ಏನು ಎಂದು ಕೇಳಿದರು. ಏಣಿ ಇನ್ನು ಎಲ್ಲಿಗೂ ಹೋಗುವುದಿಲ್ಲ ಎಂದು ದರ್ಜಿ ಹಿಂದಿನ ಸಾಲಿನಿಂದ ಹೇಳಿದ. ಅಲ್ಲಿಂದ ಶುರುವಾದ ನಗು ಸಭಾಪಾಲಕರನ್ನೂ ಬಿಡಲಿಲ್ಲ. ನಗು ಇಳಿದ ಮೇಲೆ ಹೆಡ್‌ಮಿಸ್ಟ್ರೆಸ್ ಕೂತಲ್ಲಿಂದಲೇ ಮಾತಾಡಿದರು.

"ಉಪ್ಪು ಹಾಕಿದ್ದು ಅವರೇ ಇರಲಿ. ನಾನು ತಂಗಿಗೆ ಮಾಡಿದ್ದು ಏನೂ ಸುಳ್ಳಲ್ವಲ್ಲ."

ಪುಟ್ಟಿ, ನನಗೆ ಆಗಲೂ ಭಯವಿತ್ತು. ಆದರೆ ಬಾಗಿಲ ಕಡೆ ಓಡಬೇಕು ಅನ್ನಿಸಲಿಲ್ಲ. ಜನರಿಗೆ ಹೆದರಿದಾಗಲೆಲ್ಲ ನಾನು ಓಡಿದ್ದೇನೆ. ನಿನ್ನೆಯ ಭಯ ಬೇರೆ ಥರ ಇತ್ತು, ಅಲ್ಲೇ ನಿಲ್ಲು ಎನ್ನುವಂತಿತ್ತು. ಎಷ್ಟೋ ವರ್ಷಗಳ ಮೇಲೆ ದೇವರ ಹತ್ತಿರ ನಿಂತಿದ್ದೇನೆ ಅನ್ನಿಸಿ ಅಳು ಬಂತು. ಬಾಯಲ್ಲಿ ರೊಟ್ಟಿ ಇರಲಿಲ್ಲವಾದ್ದರಿಂದ ಆ ಅಳುವನ್ನು ಉಪ್ಪಿನ ಮೇಲೆ ಹಾಕುವಂತಿರಲಿಲ್ಲ.

ಇನ್ನು ಮುಂದೆ ಆ ಹಿಟ್ಟನ್ನೂ ರುಚಿ ನೋಡುವುದೆಂದು ನಾನೂ ನಿನ್ನ ಅಮ್ಮನೂ ತೀರ್ಮಾನಿಸಿದ್ದೇವೆ. ಸೀನುವುದಕ್ಕೂ ಅಪ್ಪಣೆಯಿದೆ. ಮೊಮ್ಮಗಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆಯಂತೆ, ಅಮ್ಮ ಫೋಟೋ ತೋರಿಸಿದಳು. ಆ ನಗು ನಿನ್ನದೇ. ಅಳಿಯಂದಿರಿಗೆ ನನ್ನ ವಂದನೆ ತಿಳಿಸು. ಅವರ ಜೊತೆ ಒಂದು ಮಾತೂ ಆಡದೆ ಅವರನ್ನು ತೂಗಿಬಿಟ್ಟಿದ್ದೆ. ದೇವರು ನಿಮ್ಮ ಮನೆಯ ಹೊಸ್ತಿಲನ್ನು ಕಾಯಲಿ, ಮಗುವಿನ ನಿದ್ದೆಗೆ ಕೆಟ್ಟ ಕನಸು ತಾಗದಿರಲಿ.

ಇಂತಿ,
ನಿನ್ನ ಅಪ್ಪ

ತಾ. ಕ. — ರೊಟ್ಟಿ ಬಾಯಿಗಿಟ್ಟಾಗ ನನಗೆ ನೆನಪಾದದ್ದು ಇದು. ನಿನ್ನ ಮದುವೆಯ ದಿನ ನಾನು ಮನೆಯಲ್ಲಿ ಕೂತಿರಲಿಲ್ಲ. ನಿನ್ನ ಅಮ್ಮ ಹೊರಟ ಮೇಲೆ ಕೋಟು ತೊಟ್ಟು, ಶೂಗೆ ಪಾಲಿಶ್ ಹಚ್ಚಿ, ರಿಜಿಸ್ಟ್ರಾರ್ ಕಚೇರಿಯ ಬೀದಿಯ ತಿರುವಿನವರೆಗೆ ಬಂದಿದ್ದೆ. ಔಷಧಿ ಅಂಗಡಿಯಿಂದ ಹಿರಿಯರ ಹೆಂಡತಿ ಹೊರಗೆ ಬಂದರು. ನಾನು ತಿರುಗಿ ನಡೆದುಬಿಟ್ಟೆ, ಮನೆಗೆ ಬಂದು ಅದನ್ನೇ ದೇವರ ಭಯ ಎಂದು ಕರೆದೆ. ತಿರುಗುವ ಮೊದಲು ನೀನು ಕಚೇರಿಯ ಮೆಟ್ಟಿಲ ಮೇಲೆ ಈ ಕಡೆಗೇ ನೋಡುತ್ತಾ ನಿಂತಿದ್ದು ಕಂಡಿತು. ಒಳಗಿನಿಂದ ಯಾರೋ ಕರೆಯುತ್ತಿದ್ದರು, ನೀನು ಹೋಗುತ್ತಿರಲಿಲ್ಲ. ಅವತ್ತು ನಾನು ನಿನ್ನ ಕಣ್ಣಿಗೆ ಬಿದ್ದೆನಾ? ಬಿದ್ದಿದ್ದರೆ, ನನಗೆ ನೋವಾಗುತ್ತದೆಂದು ಇಲ್ಲ ಅನ್ನಬೇಡ. ಹೌದು ಎಂದೇ ಬರೆ.