ಕಪಾಟಿನಲ್ಲಿದ್ದೂ ಪಟ್ಟಿಯಲ್ಲಿಲ್ಲದ ಪುಸ್ತಕಗಳು

ಮುಂಬಯಿ, ೩ ಮಾರ್ಚ್ ೧೯೭೪

ವಿಶ್ವವಿದ್ಯಾಲಯ ಗ್ರಂಥಾಲಯದ ಯಂತ್ರೀಕರಣ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ತಮ್ಮ ಗ್ರಂಥಾಲಯದ ಕನ್ನಡ ಪುಸ್ತಕಗಳು ಜನವರಿಯಿಂದ ಅಸ್ತಿತ್ವದಲ್ಲಿಲ್ಲ. ಬೆಂಕಿ ಬಿದ್ದಿಲ್ಲ, ಗೆದ್ದಲು ಹತ್ತಿಲ್ಲ. ತಾವು ಗಣಕಯಂತ್ರದಿಂದ ಹೊಸ ಪಟ್ಟಿ ಮಾಡಿಸಿದ್ದೀರಿ, ಅಷ್ಟೆ. ಆ ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳ ಹೊರತು ಬೇರೆ ಲಿಪಿ ಬಾರದು. ಮರಾಠಿಗೆ ಹಳೆಯ ಕೈಬರಹದ ಕಾರ್ಡುಗಳನ್ನು ಉಳಿಸಿಕೊಂಡಿರಿ, ಸಂತೋಷ. ಕನ್ನಡದ ಕಾರ್ಡುಗಳು ಮಾತ್ರ ಗೋಣಿಚೀಲ ಸೇರಿ ಮಾಳಿಗೆ ಹತ್ತಿದವು. ಪಟ್ಟಿಯಲ್ಲಿಲ್ಲದ ಪುಸ್ತಕವನ್ನು ಯಾರಿಗೂ ಕೊಡಕೂಡದೆಂದು ತಮ್ಮ ಸುತ್ತೋಲೆ!

ಯೋಜನೆಯ ದೂರದೃಷ್ಟಿಯನ್ನು ಮೆಚ್ಚದಿರಲಾರೆ. ಪುಸ್ತಕ ಖರೀದಿಯ ಹಣದಲ್ಲಿ ಮೊದಲು ಹವಾನಿಯಂತ್ರಿತ ಕೋಣೆ ಕಟ್ಟಿಸಿದಿರಿ; ಯಂತ್ರ ಕೊಳ್ಳಲು ಹಣ ಸಾಲದೆಂಬುದು ಆಮೇಲೆ ತಿಳಿಯಿತು. ಈಗ ಬಾಡಿಗೆಯ ಯಂತ್ರ ದೂರದ ಪವಾಯಿಯಲ್ಲಿ, ತಂಪು ಇಲ್ಲಿ. ಯಂತ್ರಕ್ಕೆ ಉಣಿಸುವ, ತೂತು ಹೊಡೆದ ಕಾರ್ಡುಗಳನ್ನು ಹೊತ್ತು ಗುಮಾಸ್ತರು ಲೋಕಲ್ ರೈಲಿನಲ್ಲಿ ಬೆವರುತ್ತಾರೆ. ಅವರ ಊಟದ ಡಬ್ಬಿಗಳು ತಂಪು ಕೋಣೆಯಲ್ಲಿ ಸುಖವಾಗಿರುತ್ತವೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದನ್ನು ಕೇಳಿದ್ದೆ. ಕುಲಾವಿಗೊಪ್ಪುವ ಕೂಸನ್ನು ಬಾಡಿಗೆಗೆ ತರುವುದನ್ನು ಈಗ ಕಂಡೆ.

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿ ಶರಣವ್ವನೊಡನೆ ಬಂದಿದ್ದೆ. ಬೈಕುಲ್ಲಾದ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಏಪ್ರಿಲ್‌ನಲ್ಲಿ ಕನ್ನಡ ಎಂ.ಎ. ಪರೀಕ್ಷೆಗೆ ಕೂರುವವಳು. ಆಕೆಗೆ ಬೇಕಾದ ನಾಲ್ಕು ಪುಸ್ತಕಗಳು ಗಾಜಿನ ಕಪಾಟಿನೊಳಗಿಂದ ನಮ್ಮನ್ನೇ ನೋಡುತ್ತಿದ್ದವು.

“ಅದಾವ್ರೀ ಅಕ್ಕಾರ, ಆದ್ರ ಇಲ್ರಿ,” ಎಂದ ಕಪಾಟುಗಳ ಉಸ್ತುವಾರಿಯ ಚಂದ್ರಾಮ. “ಪಟ್ಟಿನ್ಯಾಗ ಇಲ್ಲದ್ದು ಕೊಟ್ರ ಸಾಹೇಬ್ರು ಆ ಕಾರ್ಡಿಗೆ ಹೊಡದಂಗ ನನಗೂ ತೂತು ಹೊಡೀತಾರ್ರಿ.”

“ಅಣ್ಣಾರ, ಪರೀಕ್ಷಾ ನನಗೈತೋ, ನಿಮ್ಮ ಯಂತ್ರಕ್ಕೈತೋ?”

“ಯಂತ್ರಕ್ಕಿದ್ರ ಕನ್ನಡದಾಗ ನಪಾಸ್ ಆಕ್ಕಿತ್ರಿ!”

ಮೂವರೂ ನಕ್ಕೆವು. ಹೊರಗೆ ಮೆಟ್ಟಿಲಿಳಿಯುವಾಗ ಶರಣವ್ವ ನಗಲಿಲ್ಲ. “ಈ ಸಲ ತಪ್ಪಿದ್ರ ಮತ್ತ ರಜಾ ಕೊಡಂಗಿಲ್ರಿ ಮಾಸ್ತರ್ರ,” ಎಂದಳು.

ಕನ್ನಡದ ಪಟ್ಟಿಯನ್ನು ಬಿಟ್ಟಿಯಾಗಿ ನಾನೇ ಬರೆದುಕೊಡುವೆನೆಂದು ತಮಗೆ ತಿಳಿಸಿದೆ. ಕೈಬರಹದ ಕಾಲ ಮುಗಿಯಿತೆಂದು ಉತ್ತರ ಬಂತು. ಅದರಡಿಯ ಸಹಿ ಮಾತ್ರ ಕೈಬರಹದಲ್ಲಿತ್ತು.

ಯಂತ್ರದ ಮೇಲೆ ನನಗೆ ದ್ವೇಷವಿಲ್ಲ. ಮೂವತ್ತೆರಡು ವರ್ಷ ಕನ್ನಡ ಬಾರದವರಿಗೇ ಕಲಿಸಿದವನು ನಾನು. ಆದರೆ ಕಲಿಯದ ಒಬ್ಬನಿಗಾಗಿ ಉಳಿದವರನ್ನೆಲ್ಲ ಶಾಲೆಯಿಂದ ಹೊರಗೆ ಹಾಕಿದವನಲ್ಲ.

ಆದ್ದರಿಂದ ಹಳೆಯ ಕಾರ್ಡುಗಳನ್ನು ಮಾಳಿಗೆಯಿಂದ ಇಳಿಸಿರಿ. ಹನ್ನೊಂದನೆಯ ತಾರೀಖು, ಸೋಮವಾರ, ಹತ್ತು ಗಂಟೆಗೆ ಬರುತ್ತೇವೆ. ಶರಣವ್ವನ ಕೈಗೆ ನಾಲ್ಕು ಪುಸ್ತಕ ಕೊಡಿಸಿರಿ. ಆಗದಿದ್ದರೆ, ಅವು ಗ್ರಂಥಾಲಯದವೇ ಅಲ್ಲವೆಂದು ಒಂದು ಸಾಲು ಬರೆದು ಸಹಿ ಮಾಡಿರಿ. ಚೀಲ ನಾನೇ ತರುತ್ತೇನೆ.

ಇಂತಿ,
ಈ ವಯಸ್ಸಿನಲ್ಲಿ ಕಳ್ಳತನಕ್ಕೆ ಅನುಮತಿ ಬೇಡುವಂತಾದ
ಭೀಮರಾಯ ನಾಟೀಕಾರ
ನಿವೃತ್ತ ಕನ್ನಡ ಶಿಕ್ಷಕ, ವಿಲೆ ಪಾರ್ಲೆ