ಹೂ ಬಿಡಬೇಕಿದ್ದ ಬಳ್ಳಿ

ನವೆಂಬರ್ 12, ಮಂಗಳವಾರ

ಆ ಬಳ್ಳಿ ತಲೆಯಿಂದ ಹೋಗುತ್ತಲೇ ಇಲ್ಲ.

ಕಾಡಿನಲ್ಲಿ ಅಧ್ಯಯನಕ್ಕೆ ಗುರುತಿಸಿದ ಪ್ಲಾಟ್‌ನಲ್ಲಿ ಇವತ್ತು ಮರಗಳ ಸುತ್ತಳತೆ ತೆಗೆಯುವ ಡ್ಯೂಟಿ ನನ್ನದು. ಮರ ಎಷ್ಟು ಕಾರ್ಬನ್ ಹಿಡಿದಿಟ್ಟಿದೆ ಎಂಬ ಲೆಕ್ಕವೆಲ್ಲ ಅದರ ಮೇಲೆಯೇ. ಅಲ್ಲಿನ ಒಂದು ದೊಡ್ಡ ಮರಕ್ಕೆ ಬಳ್ಳಿಯೊಂದು ಬಿಗಿಯಾಗಿ ಸುತ್ತಿಕೊಂಡಿತ್ತು. ಅದನ್ನೂ ಸೇರಿಸಿ ಅಳೆದರೆ ಲೆಕ್ಕ ತಪ್ಪುತ್ತದೆ. ಟೇಪನ್ನು ಬಳ್ಳಿಯ ಅಡಿಯಲ್ಲಿ ತೂರಿಸಬೇಕಿತ್ತು. ಆಗಲಿಲ್ಲ. ಟೆನ್ಷನ್‌ನಲ್ಲಿ ಚಾಕು ತೆಗೆದು ಕತ್ತರಿಸಿಬಿಟ್ಟೆ. "ಕ್ಲೀನ್ ರೀಡಿಂಗ್, ವೆರಿ ಗುಡ್!" ಅಂದರು ನಮ್ಮ ಪ್ರಾಜೆಕ್ಟ್ ನಡೆಸುವ ಸರ್. ನಾನೂ ಹಲ್ಲು ಕಿರಿದೆ.

ಊಟಕ್ಕೆ ಕೂತಾಗ, ಗಿಡಗಳ ಜಾತಿ ಗುರುತಿಸುವ ಸೀನಿಯರ್ ಅಕ್ಕ ಖುಷಿಯಲ್ಲಿ ತೇಲುತ್ತಿದ್ದಳು.

"ಏ ಪುಟ್ಟಿ, ದೊಡ್ಡ ಮರದ ಬಳ್ಳಿ ನೋಡಿದ್ಯಾ? ಇಡೀ ಪ್ಲಾಟ್‌ಗೆ ಅದೊಂದೇ ಕಣೇ! ನಿನ್ನೆನೇ ಮೊಗ್ಗು ಬಿಟ್ಟಿತ್ತು. ನಾಳೆ ಹೂ ಅರಳಿದ್ರೆ ಯಾವ ಜಾತಿ ಅಂತ ಗೊತ್ತಾಗುತ್ತೆ."

"ಹ್ಞೂಂ" ಅಂದೆ. ಚಾಕುವನ್ನು ಬ್ಯಾಗಿನೊಳಗೆ ತಳ್ಳಿದೆ.

ಸರ್ ಅವರ ಕಾರ್ಬನ್ ಲೆಕ್ಕ ಸರಿಮಾಡಲು ಹೋಗಿ ಅಕ್ಕನ ಲೆಕ್ಕದಿಂದ ಒಂದು ಜಾತಿಯನ್ನೇ ಅಳಿಸಿಬಿಟ್ಟೆನಾ? ಬುಡ ಇನ್ನೂ ಹಸಿಯಾಗಿತ್ತು. ಮತ್ತೆ ಚಿಗುರುತ್ತದಾ? ಅಕ್ಕನಿಗೆ ಗೊತ್ತಿರುತ್ತದೆ. ಆದರೆ ಕೇಳಿದರೆ ಕತ್ತರಿಸಿದ್ದು ನಾನೇ ಅಂತ ಗೊತ್ತಾಗಿಬಿಡುತ್ತದೆ. ಕೇಳದೇ ಇದ್ದರೆ, ಬೆಳಿಗ್ಗೆ ಅವಳು ಕ್ಯಾಮೆರಾ ಹಿಡಿದು ಎಲ್ಲರಿಗಿಂತ ಮುಂಚೆ ಆ ಮರದ ಹತ್ತಿರ ಹೋಗಿ, ತಲೆಯೆತ್ತಿ ನೋಡಿದಾಗ ಬಾಡಿ ಜೋತುಬಿದ್ದ ಮೊಗ್ಗು ಕಾಣುತ್ತದೆ.