ಇನ್ನೊಬ್ಬರಿಗೆ ಹೊಂದದ ಸಾಲು

ಕಡಬ
೧೪ ಜೂನ್ ೨೦೨೫

ಪ್ರೀತಿಯ ಮಗಳು ಜುಮಾನಾಳಿಗೆ ಉಪ್ಪನ ಸಲಾಂ.

ನಿನ್ನ ಪತ್ರ ಪುತ್ತೂರಿನ ಹಾಸ್ಟೆಲಿನಿಂದ ಕಡಬಕ್ಕೆ ಬರಲು ಮೂರು ದಿನ ತೆಗೆದುಕೊಂಡಿತು. ನನ್ನ ಮೇಜಿನಿಂದ ಪೆನ್ನಿಗೆ ಬರಲು ಹದಿನೆಂಟು ದಿನ. ಕೆಲಸ ಇತ್ತು ಅಂತ ಸುಳ್ಳು ಹೇಳುದಿಲ್ಲ. ಕೆಲಸ ಇದ್ದದ್ದು ಪ್ರಿಂಟರಿಗೆ. ಅದರಲ್ಲಿ ಕಾಗದ ಸಿಕ್ಕಿಹಾಕಿಕೊಳ್ಳದ ಹಾಗೆ ನಾನು ಪಕ್ಕದಲ್ಲಿ ಕೂತು ಕಾದೆ. ಕ್ಷಮಿಸು.

ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನೀನು ಏನಾದರೂ ಗಟ್ಟಿ ಪ್ರಶ್ನೆ ಕೇಳಿದರೆ ನಾನೊಂದು ತಮಾಷೆ ಹೇಳಿ ಜಾರಿಕೊಳ್ಳುತ್ತೇನೆ. ನಿನ್ನ ಉಮ್ಮ ಇದ್ದಾಗಲೂ ಅದೇ ಚಾಳಿ. ಕಾಗದದ ಮೇಲೆ ಜಾರುವುದು ಸ್ವಲ್ಪ ಕಷ್ಟ.

ಇಲ್ಲಿ ಎಲ್ಲ ಕ್ಷೇಮ. ಅಡುಗೆ ಕಲಿಯುತ್ತಿದ್ದೇನೆ. ಸಾರು ಅಂದರೆ ಬರೀ ನೀರು, ಹೊತ್ತು ಮಾತ್ರ ಮೂರು. ಬೆಕ್ಕು ಇನ್ನೂ ನನ್ನನ್ನು ಯಜಮಾನ ಅಂತ ಒಪ್ಪಿಲ್ಲ. ಉಮ್ಮ ತೀರಿಹೋಗಿ ವರ್ಷ ದಾಟಿದರೂ ಅದು ಅವಳ ಚಾಪೆಯಲ್ಲೇ ಮಲಗುವುದು. ನಾನೂ ಎಬ್ಬಿಸಲು ಹೋಗುವುದಿಲ್ಲ.

ಈಗ ನಿನ್ನ ಪ್ರಶ್ನೆ. ಡಿಗ್ರಿ ಮುಗಿಯಿತು, ಕನ್ನಡ ಎಂ.ಎ.ಗೆ ಅರ್ಜಿ ಹಾಕಲಾ, ಜೂನ್ ಕೊನೆಯ ಒಳಗೆ ಹೇಳಿ ಅಂತ ಬರೆದಿದ್ದೀಯ. ಎರಡು ವರ್ಷದ ಹಿಂದೆ ಕೇಳಿದ್ದರೆ ನಿನ್ನ ಪತ್ರ ಓದಿ ಮುಗಿಸುವ ಮೊದಲೇ ಹೌದು ಅಂತಿದ್ದೆ. ಕನ್ನಡ ಮೀಡಿಯಮ್ಮಿನಲ್ಲಿ ಬಿ.ಎ. ಮಾಡಿ, ಆ ಕನ್ನಡದಿಂದಲೇ ಪ್ರಿಂಟಿಂಗ್ ಅಂಗಡಿ ನಡೆಸಿದವನು ನಾನು. ಈಗ ಹೌದು ಅನ್ನುವ ಮೊದಲು ಕಳೆದ ತಿಂಗಳು ಆದದ್ದೊಂದು ಹೇಳಬೇಕು.

ನಮ್ಮ ಊರುಗಳಲ್ಲಿ ಯಾರು ನಿವೃತ್ತರಾದರೂ ಶಾಲು, ಹಾರ, ಹಣ್ಣಿನ ಭಾರ. ಜೊತೆಗೆ ವೇದಿಕೆಯಲ್ಲಿ ಗಟ್ಟಿಯಾಗಿ ಓದಿ ಕೊಡುವ, ಫ್ರೇಮ್ ಹಾಕಿದ ಸನ್ಮಾನಪತ್ರ. ಇಪ್ಪತ್ತು ವರ್ಷ ನಾನು ಅದನ್ನು ಬರೆದೆ. ಬರೆಯುವ ಮೊದಲು ಆ ಮನೆಗೆ ಹೋಗುದು, ಚಾ ಕುಡಿಯುದು, ಮನೆಯವರ ಹತ್ತಿರ ಒಂದು ಮಾತು, ನೆರೆಮನೆಯವರ ಹತ್ತಿರ ಎರಡು ಮಾತು ಕೇಳುದು. ಹೆಚ್ಚಾಗಿ ನೆರೆಮನೆಯ ಮಾತೇ ಉಪಯೋಗಕ್ಕೆ ಬರುತ್ತಿತ್ತು. ನಾನು ಇಟ್ಟುಕೊಂಡ ನಿಯಮ ಒಂದೇ: ಒಂದು ಸಾಲಾದರೂ ಇನ್ನೊಬ್ಬರಿಗೆ ಹೊಂದಬಾರದು.

ಶಾಲೆಯಲ್ಲಿ ನಿನಗೆ ಬಿಸಿಯೂಟ ಬಡಿಸುತ್ತಿದ್ದ ಕಮಲಾವತಿಯಕ್ಕನಿಗೆ ಅರುವತ್ತಾಯಿತು. ಹಳೆ ವಿದ್ಯಾರ್ಥಿ ಸಂಘದವರು ಬೀಳ್ಕೊಡುಗೆ ಇಟ್ಟರು. ಸಂಘದ ಕಾರ್ಯದರ್ಶಿ ಸುಜಯ್ ಅಂಗಡಿಗೆ ಬಂದು ಫೋನ್ ಮುಂದೆ ಹಿಡಿದ.

"ಝಾಕಿರಣ್ಣ, ಮ್ಯಾಟರ್ ರೆಡಿ ಉಂಟು. ಎಐ ಬರೆದು ಕೊಟ್ಟಿತು. ಫ್ರೇಮ್ ಮಾತ್ರ ನಿಮ್ಮದು."

"ನೀನು ಓದಿದೆಯಾ ಮಾರಾಯಾ?"

"ಎಂತಕ್ಕೆ ಓದುದು? ಅದು ತಪ್ಪು ಮಾಡುದಿಲ್ಲ."

ನಾನು ಓದಿದೆ. ತಪ್ಪು ನಿಜವಾಗಿಯೂ ಇರಲಿಲ್ಲ. ಸಹನೆಯ ಸಾಕಾರಮೂರ್ತಿ, ಅನ್ನದಾಸೋಹದ ಮಹಾಮಾತೆ, ದಣಿವರಿಯದ ಸೇವಾದೀಪ್ತಿ. ಮಹಾಮಾತೆ ಒಂದನ್ನು ತೆಗೆದರೆ ಬ್ಯಾಂಕ್ ಮ್ಯಾನೇಜರಿಗೂ ಆದೀತು.

ನನಗೆ ತಡೆಯಲಿಲ್ಲ. ಮರುದಿನ ಕಮಲಾವತಿಯಕ್ಕನ ಮನೆಗೆ ಹೋಗಿ ಕೂತು, ಕೇಳಿ, ಬಂದು ಎರಡು ದಿನದಲ್ಲಿ ನನ್ನದೂ ಒಂದು ಬರೆದೆ. ಅದರಲ್ಲಿ ಹೀಗೆ ಇತ್ತು:

ಲೋಟ ಎಣಿಸಿ ಮಕ್ಕಳೆಷ್ಟು ಎಂದು ತಿಳಿದವರು,
ಊಟ ಎಲ್ಲರದ್ದಾದ ಮೇಲೆ ತಾವು ಕುಳಿತವರು.

ಶುರುವಿನ ವರ್ಷಗಳ ಸೌದೆ ಒಲೆಯ ಹೊಗೆಗೆ ಅವರ ಎಡಗಣ್ಣು ಮಂಜಾದದ್ದೂ, ಆ ಕಣ್ಣಿಗೆ ಕಾಣದಿದ್ದರೂ ಹೊಟ್ಟೆಗೆ ಸಾಲದ ಮಗು ಯಾವುದೆಂದು ಗೊತ್ತಾಗುತ್ತಿದ್ದದ್ದೂ ಇತ್ತು. ಸುಜಯ್ ಒಳ್ಳೆಯವನು, "ಅಕ್ಕನೇ ಹೇಳಲಿ, ಯಾವುದು ಬೇಕೋ ಅದು" ಅಂದ. ಎರಡನ್ನೂ ತೆಗೆದುಕೊಂಡು ಹೋಗಿ ಅವರ ಜಗಲಿಯಲ್ಲಿ ಕೂತು ಓದಿ ಹೇಳಿದೆ. ಯಾವುದು ಯಾರದ್ದು ಅಂತ ಹೇಳಲಿಲ್ಲ. ಅವರಿಗೆ ಗೊತ್ತಾಯಿತು.

"ಲೋಟದ್ದು ನಿಮ್ಮದು ಅಲ್ವಾ ಝಾಕಿರಣ್ಣ? ಒಂದು ಸುಳ್ಳು ಇಲ್ಲ ಅದರಲ್ಲಿ."

ನಾನು ಉಬ್ಬಿದೆ.

"ಅದಕ್ಕೇ ಅದು ಬೇಡ" ಅಂದರು. "ಬೇಜಾರು ಮಾಡ್ಬೇಡಿ. ಲೋಟ ಎಣಿಸಿದ್ದು, ಕಡೆಗೆ ಕೂತದ್ದು, ಕಣ್ಣು ಹಾಳಾದದ್ದು ಎಲ್ಲ ನನಗೆ ಗೊತ್ತುಂಟಲ್ಲ. ಇನ್ನು ಗೋಡೆಯಲ್ಲಿಯೂ ಅದನ್ನೇ ನೋಡುದಾ? ಆ ಇನ್ನೊಂದರಲ್ಲಿ ನಾನು ಯಾರೋ ದೊಡ್ಡ ಜನ. ನಮ್ಮ ಸೊಸೆಯಾದರೂ ಅದನ್ನು ನೋಡಿ ಸ್ವಲ್ಪ ಹೆದರಲಿ."

ಅದನ್ನೇ ಪ್ರಿಂಟ್ ಹಾಕಿ ಕೊಟ್ಟೆ. ಸಭೆಯ ದಿನ ಸುಜಯ್ ಮೈಕಿನಲ್ಲಿ 'ಸೇವಾದೀಪ್ತಿ' ಅನ್ನುವಾಗ ಕಮಲಾವತಿಯಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಕಣ್ಣೀರು ನಿಜವಾದದ್ದೇ. ನಾನು ಹಿಂದಿನ ಸಾಲಿನಲ್ಲಿ ನಿಂತು ಎಲ್ಲರ ಹಾಗೆ ಚಪ್ಪಾಳೆ ತಟ್ಟಿದೆ.

ಯಂತ್ರಕ್ಕೆ ಸೋತೆ ಅಂತ ನನಗೆ ದುಃಖ ಇಲ್ಲ ಮಗಳೇ. ಗ್ರೈಂಡರ್ ಬಂದ ದಿನ ಕಡೆಯುವ ಕಲ್ಲು ಅಂಗಳಕ್ಕೆ ಹೋಯಿತು, ಅದು ಅಳಲಿಲ್ಲ. ಆದರೆ ಮನುಷ್ಯರನ್ನು ಹತ್ತಿರದಿಂದ ನೋಡಿ, ನೋಡಿದ್ದನ್ನು ಹೇಳುವುದು ಒಂದು ಕೆಲಸ, ಅದಕ್ಕೇ ನಾನು ಇರುವುದು ಅಂತ ಇಷ್ಟು ವರ್ಷ ನಂಬಿದ್ದೆ. ನೋಡಿಸಿಕೊಂಡವರಿಗೇ ಅದು ಬೇಡ ಅಂದ ಮೇಲೆ ನಾನು ಎಂತಕ್ಕೆ? ಅಂಗಡಿಯಲ್ಲಿ ಈಗ ಕೆಲಸಕ್ಕೆ ಬರ ಇಲ್ಲ. ಕೆಲಸದಲ್ಲಿ ನಾನೇ ಇಲ್ಲ. ಪ್ರಾಸ ಚೆನ್ನಾಗಿ ಕೂತಿತು. ಈಚೆಗೆ ಹೀಗೆ ಬೇಡದ ಜಾಗದಲ್ಲಿ ಮಾತ್ರ ಕೂರುತ್ತದೆ.

ಹಾಗಾಗಿ ಹೌದು ಅನ್ನಲು ಧೈರ್ಯ ಸಾಲದು, ಬೇಡ ಅನ್ನಲು ಬಾಯಿ ಬಾರದು. ಕೆಲಸ ಸಿಗುತ್ತದಾ ಅಂತ ಕೇಳಿದರೆ ಸುಜಯನ ಫೋನನ್ನೇ ಕೇಳಬೇಕು. ನೀನೇ ನಿರ್ಧಾರ ಮಾಡು. ಯಾವುದು ಮಾಡಿದರೂ ಉಪ್ಪನ ದುಆ ನಿನ್ನ ಜೊತೆಗಿದೆ. ನಿನ್ನ ಓದಿಗೆ ಬರ್ಕತ್ ಬರಲಿ, ಬೆಳಗ್ಗಿನ ತಿಂಡಿ ಬಿಡುವ ಅಭ್ಯಾಸ ಹೋಗಲಿ. ಅಲ್ಲಾಹನು ನಿನ್ನನ್ನು ಕಾಯಲಿ.

ನಿನ್ನ
ಉಪ್ಪ, ಝಾಕಿರ್

ತಾ.ಕ.: ಕವರಿಗೆ ಅಂಟು ಹಚ್ಚಿ ಆಗಿತ್ತು, ಪುನಃ ಬಿಡಿಸಿದೆ. ನಿನ್ನ ಪತ್ರದ ಒಂದು ಮಾತಿಗೆ ನಾನು ಉತ್ತರವೇ ಕೊಟ್ಟಿಲ್ಲ. ಮದ್ರಸದ ಸ್ಮರಣ ಸಂಚಿಕೆಯಲ್ಲಿ ನಾನು ಉಮ್ಮನ ಬಗ್ಗೆ ಬರೆದ ಅರ್ಧ ಪುಟ ಓದಿದ ಮೇಲೆಯೇ ಕನ್ನಡ ಓದಬೇಕು ಅನ್ನಿಸಿತು ಅಂದಿದ್ದೀಯ. ಅದನ್ನು ಕತ್ತರಿಸಿ ಹಾಸ್ಟೆಲಿನ ಕಪಾಟಿಗೆ ಅಂಟಿಸಿದ್ದೀಯಂತೆ.

ಅದು ನಾನು ಬರೆದದ್ದಲ್ಲ. ಹನ್ನೊಂದು ದಿನ ಕೂತೆ, ಬರಲಿಲ್ಲ. ಕಡೆಗೆ ಹೆಸರು ರಮ್ಲತ್, ವಯಸ್ಸು ನಲವತ್ತೊಂದು, ಕಿಡ್ನಿಯ ಕಾಯಿಲೆ, ಒಬ್ಬಳು ಮಗಳು ಅಂತ ಕೊಟ್ಟೆ. ಎಐ ಅರ್ಧ ಪುಟ ಕೊಟ್ಟಿತು. 'ಮನೆಯ ದೀಪ' ಅಂತ ಬರೆದಿತ್ತು. ಕರೆಂಟು ಹೋದರೆ ಟಾರ್ಚ್ ಎಲ್ಲಿ ಹಾಕಿದ್ದೀರಿ ಅಂತ ನನಗೆ ಬೈಯುತ್ತಿದ್ದವಳು ನಿನ್ನ ಉಮ್ಮ. ಆದರೂ ಒಂದು ಅಕ್ಷರ ತಿದ್ದಲಿಲ್ಲ. ನಾನೇ ಬರೆಯುವುದಾದರೆ ಒಂದು ಸಂಗತಿ ಬರೆಯಲೇಬೇಕಿತ್ತು, ಅದು ನನಗೆ ಬೇಡವಾಗಿತ್ತು.

ಆಸ್ಪತ್ರೆಯಲ್ಲಿ ಮಂಗಳವಾರ ಬೆಳಿಗ್ಗೆ ಅವಳು, "ಊರವರಿಗೆಲ್ಲ ಬರೆದು ಕೊಟ್ಟಿರಿ. ನನಗೂ ಎರಡು ಸಾಲು ಬರೆಯಿರಿ, ನಾನು ಇರುವಾಗಲೇ ಓದಿ ಹೇಳಿ" ಅಂದಳು. ನನ್ನ ತೊಡೆಯ ಮೇಲೆ ಯಾರದ್ದೋ ಸನ್ಮಾನಪತ್ರ ಇತ್ತು, ಮರುದಿನ ಕೊಡಬೇಕಾದದ್ದು. "ನೀನು ಮೊದಲು ರಿಟೈರ್ ಆಗು, ಮತ್ತೆ ನೋಡುವ" ಅಂದೆ. ಅವಳು ನಕ್ಕಳು. ನಾನು ಪ್ರಾಸ ಹುಡುಕುತ್ತಾ ತಲೆ ತಗ್ಗಿಸಿದೆ.

ಶುಕ್ರವಾರ ಜುಮಾ ನಮಾಜು ಕಳೆದು ಅವಳನ್ನು ದಫನ ಮಾಡಿದೆವು. ಆ ಎರಡು ಸಾಲು ನಾನು ಇವತ್ತಿಗೂ ಬರೆದಿಲ್ಲ. ಅರ್ಜಿ ತುಂಬುವ ಮೊದಲು ಇದು ನಿನಗೆ ಗೊತ್ತಿರಬೇಕು.